ಕೆಎ ಪ್ಲೇಟು, ಎಂಎಚ್ ರಸ್ತೆ

ವಾಕಡದ ಪಾರ್ಕಿಂಗಲ್ಲಿ ಕೆಎ ಪ್ಲೇಟಿನ ಕಾರು ಕಂಡ್ರೆ ಖುಷಿ, ಹಿಂದೇನೇ ಪ್ರಶ್ನೆ: ‘ಎನ್‌ಒಸಿ ಆಯ್ತಾ?’

1939ರ ಕಾಯ್ದೆಯ ಜಾಗಕ್ಕೆ ಬಂದ 1988ರ ಮೋಟಾರು ವಾಹನ ಕಾಯ್ದೆ ದೇಶಕ್ಕೆಲ್ಲ ಒಂದೇ. ಆದರೆ ತೆರಿಗೆ ರಾಜ್ಯದ್ದು, ನೋಂದಣಿ ಆರ್‌ಟಿಒದ್ದು. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿದರೆ ಮರುನೋಂದಣಿ ಮಾಡಿಸಬೇಕು. ಆಗ ಎರಡು ಕಚೇರಿಗಳ ನಡುವೆ ಕಡತ ಹೊತ್ತವರು ನಾವೇ. ನಾನೂ ರಜೆ ಹಾಕಿ ಊರಿಗೆ ಎರಡು ಸಲ ಓಡಿದ್ದೆ.

ಎನ್‌ಐಸಿಯ ‘ವಾಹನ್’ ಬಂದ ಮೇಲೆ ಒಂದು ಆರ್‌ಟಿಒ ದಾಖಲೆ ಇನ್ನೊಂದಕ್ಕೆ ಕಾಣತೊಡಗಿತು. 2019ರ ತಿದ್ದುಪಡಿ ರಾಷ್ಟ್ರೀಯ ವಾಹನ ನೋಂದಣಿ ಪಟ್ಟಿಗೆ ಕಾನೂನಿನ ಆಧಾರ ಕೊಟ್ಟಿತು. 2021ರಲ್ಲಿ ಬಿಎಚ್ ಸರಣಿ ಬಂತು. ಖಾಸಗಿಯವರಿಗಾದರೆ, ಕಂಪನಿಗೆ 4 ರಾಜ್ಯಗಳಲ್ಲಾದ್ರೂ ಕಚೇರಿ ಇರಬೇಕು.

ಕೆಎ ನಂಬರ್ ಎಂಎಚ್‌ಗೆ ಬದಲಿಸುವವರು ಮಾತ್ರ ಇಲ್ಲಿ ತೆರಿಗೆ ಮೊದಲು ಕಟ್ಟಿ, ಆಮೇಲೆ ಕರ್ನಾಟಕಕ್ಕೆ ಮರುಪಾವತಿ ಅರ್ಜಿ ಹಾಕಬೇಕು. ಮಾಹಿತಿ ಗಡಿ ದಾಟಿದೆ, ದುಡ್ಡು ತಾನಾಗಿ ದಾಟಲ್ಲ.