ಕೆಂಪು ಮಣ್ಣಿನೊಳಗಿನ ಗಡಿಯಾರ

ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಶಿಲ್ಪಿಗಳು ಎಲ್ಲೋರದ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸ ದೇವಾಲಯವನ್ನು ಬಿಡಿಸಿದರು. ಕೆತ್ತನೆಯ ಕಾಲವನ್ನು ಶಾಸನಗಳಿಂದ ತಿಳಿಯಬಹುದು. ಕೆತ್ತಿಸಿಕೊಂಡ ಕಲ್ಲಿನ ವಯಸ್ಸನ್ನು ತಿಳಿಯುವುದು ಅಷ್ಟು ಸುಲಭವಾಗಿರಲಿಲ್ಲ.

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಎಲ್ಲೋರ, ಅಜಂತಾಗಳಿಂದ ನಾಸಿಕ್ ಜಿಲ್ಲೆಯ ಇಗತ್‌ಪುರಿ ಘಾಟಿಯವರೆಗೆ ಇರುವುದು ಬಸಾಲ್ಟ್, ಅಂದರೆ ಆರಿ ಗಟ್ಟಿಯಾದ ಲಾವಾ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಗಳ ಎರೆಮಣ್ಣಿಗೂ ಮೂಲ ಇದೇ. ಪದರದ ಮೇಲೆ ಪದರ ಕೂತು ಬೆಟ್ಟಗಳು ಮೆಟ್ಟಿಲಿನಂತೆ ಕಾಣುವುದರಿಂದ ಇವಕ್ಕೆ ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರು ಬಂತು. ಸ್ವೀಡಿಷ್ ಭಾಷೆಯಲ್ಲಿ ಟ್ರಾಪ ಎಂದರೆ ಮೆಟ್ಟಿಲು.

ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಪರಮಾಣು ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಅರ್ಧ ಭಾಗ ಕರಗಲು ಸುಮಾರು 125 ಕೋಟಿ ವರ್ಷ ಬೇಕು. ಕಲ್ಲಿನಲ್ಲಿ ಸೇರಿದ ಆರ್ಗಾನ್ ಅಳೆದರೆ ವಯಸ್ಸು ಸಿಗಬೇಕು. ಆದರೆ ಈ ಬಸಾಲ್ಟ್‌ನಲ್ಲಿ ಪೊಟ್ಯಾಸಿಯಂ ಕಡಿಮೆ, ಮಳೆಗಾಳಿಗೆ ಕಲ್ಲು ಶಿಥಿಲವಾದರೆ ಆರ್ಗಾನ್ ಸೋರಿಹೋಗುತ್ತದೆ. ಹಾಗಾಗಿ ಮೊದಲ ಲೆಕ್ಕಗಳು ಕೋಟಿಗಟ್ಟಲೆ ವರ್ಷಗಳಷ್ಟು ಚೆದುರಿದ್ದವು. 1980ರ ದಶಕದಲ್ಲಿ ಮಾದರಿಯನ್ನು ಪರಮಾಣು ರಿಯಾಕ್ಟರಿನಲ್ಲಿಟ್ಟು, ಹಂತಹಂತವಾಗಿ ಕಾಯಿಸಿ ಅನಿಲ ಅಳೆಯುವ ವಿಧಾನ ಇಲ್ಲಿಗೂ ಬಂತು. 1988ರಲ್ಲಿ ಡಂಕನ್ ಮತ್ತು ಪೈಲ್ ಪ್ರಕಟಿಸಿದ ಅಳತೆಗಳು, ಲಾವಾ ಅಲ್ಪಕಾಲದಲ್ಲಿ, ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲೇ ಉಕ್ಕಿತೆಂದು ತೋರಿಸಿದವು.

ಸಮುದ್ರವೂ ಸಾಕ್ಷಿ ನುಡಿಯಿತು. ನಾಸಿಕ್‌ನ ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿ ಕಡಲು ಸೇರುವ ಮುನ್ನ ದಾಟುವ ರಾಜಮಹೇಂದ್ರಿಯ ಬಳಿಯೂ ಬಸಾಲ್ಟ್ ಇದೆ. ಅಲ್ಲಿ ಲಾವಾ ಪದರಗಳ ನಡುವೆ ಸಮುದ್ರದ ಕೆಸರು ಸಿಕ್ಕಿಕೊಂಡಿದೆ. ಅದರೊಳಗಿನ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳು ಮಹಾ ಅಳಿವಿನ ನಂತರ ತಲೆಯೆತ್ತಿದ ಜಾತಿಗಳವು ಎಂದು ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಅಂದರೆ ಕೆಳಗಿನ ಲಾವಾ ಆ ಚಿಪ್ಪುಗಳಿಗಿಂತ ಮೊದಲಿನದು, ಮೇಲಿನದು ನಂತರದ್ದು.

ಇನ್ನೂ ಸೂಕ್ಷ್ಮವಾದ ಗಡಿಯಾರವೆಂದರೆ ಜಿರ್ಕಾನ್ ಹರಳು. ಅದರಲ್ಲಿ ಯುರೇನಿಯಂ ಸೀಸವಾಗುತ್ತ ಹೋಗುತ್ತದೆ. ಬಸಾಲ್ಟ್‌ನಲ್ಲಿ ಜಿರ್ಕಾನ್ ಬಹಳ ಅಪರೂಪ. ಆದರೆ ಎರಡು ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ಕಲ್ಲು ಕೊಳೆತು ಕೆಂಪು ಮಣ್ಣಾದಾಗ, ಬೇರೆ ಸ್ಫೋಟಗಳ ಬೂದಿ ಅದರ ಮೇಲೆ ಬಿದ್ದಿತ್ತು. ಪ್ರಿನ್ಸ್‌ಟನ್‌ನ ಬ್ಲೇರ್ ಶೋನ್ ತಂಡ ಪಶ್ಚಿಮ ಘಟ್ಟದ ಆ ಕೆಂಪು ಪಟ್ಟಿಗಳಿಂದ ಜಿರ್ಕಾನ್ ಹೆಕ್ಕಿ ಕಾಲ ಅಳೆಯಿತು.

ಫೆಬ್ರವರಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಉತ್ತರಗಳು ಬಂದವು. ಶೋನ್ ತಂಡದ ಪ್ರಕಾರ ಲಾವಾ ನಾಲ್ಕು ಆವೇಗಗಳಲ್ಲಿ ಉಕ್ಕಿತು, ಅವುಗಳಲ್ಲೊಂದು ಮೆಕ್ಸಿಕೋದಲ್ಲಿ ಕ್ಷುದ್ರಗ್ರಹ ಬಡಿಯುವುದಕ್ಕೆ ಕೆಲವು ಹತ್ತು ಸಾವಿರ ವರ್ಷಗಳ ಮುಂಚೆ. ಆರ್ಗಾನ್ ಅಳೆದ ಕರ್ಟ್ನಿ ಸ್ಪ್ರೇನ್ ತಂಡದ ಪ್ರಕಾರ ಹರಿವು ಹೆಚ್ಚುಕಡಿಮೆ ನಿರಂತರ, ಮುಕ್ಕಾಲು ಪಾಲು ಲಾವಾ ಬಂದದ್ದು ಅಳಿವಿನ ನಂತರ.

ಮೊದಲನೆಯದು ನಿಜವಾದರೆ, ಕ್ಷುದ್ರಗ್ರಹ ಬೀಳುವ ಮುಂಚೆಯೇ ಜ್ವಾಲಾಮುಖಿಯ ಅನಿಲಗಳು ಭೂಮಿಯ ಹವೆಯನ್ನು ಕೆಡಿಸಿದ್ದಿರಬಹುದು. ಎರಡನೆಯದಾದರೆ ಲಾವಾದ ಮೇಲಿನ ಆರೋಪ ಹಗುರಾಗುತ್ತದೆ. ಎರಡೂ ತಂಡಗಳಿಗೆ ಅಳಿವಿನ ಕಾಲ 6.6 ಕೋಟಿ ವರ್ಷದ ಹಿಂದೆ ಎಂಬುದರಲ್ಲಿ ತಕರಾರಿಲ್ಲ. ಇರುವುದು ಕೆಲವು ಹತ್ತು ಸಾವಿರ ವರ್ಷಗಳ ಹಿಂದುಮುಂದಿನ ಜಗಳ, ಆದರೆ ತಪ್ಪು ಯಾರದೆಂಬ ತೀರ್ಮಾನ ನಿಂತಿರುವುದು ಅದರ ಮೇಲೆಯೇ.