ದ್ರಾಕ್ಷಿ ನಮ್ಮದು, ಭಟ್ಟಿ ಯಾರದು?

ಡಿಸೆಂಬರ್ ಮೂರನೆಯ ವಾರದಲ್ಲಿ ಜಮಖಂಡಿಯಿಂದ ಮುಧೋಳದ ಕಡೆಗೆ ಹೊರಟರೆ ನಿಮ್ಮ ಮುಂದೆ ಸಾಗುವುದು ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಸಮೀರವಾಡಿಯ ಸಕ್ಕರೆ ಕಾರ್ಖಾನೆ, ಮುಧೋಳ-ಬೀಳಗಿ ಭಾಗದ ಕಾರ್ಖಾನೆಗಳು ಹಗಲಿರುಳು ಕಬ್ಬು ನುರಿಸುವ ಕಾಲ ಅದು. ಮಹಾಲಿಂಗಪುರದ ಪೇಟೆಗೆ ಹೊಸ ಬೆಲ್ಲ ಬರುವ ಕಾಲವೂ ಹೌದು. ಅದೇ ವಾರ ಈ ಊರುಗಳ ಬೇಕರಿಗಳ ಗಾಜಿನ ಕಪಾಟಿನಲ್ಲಿ ಬಣ್ಣದ ಕಾಗದ ಸುತ್ತಿದ ಪ್ಲಮ್ ಕೇಕು ಕಾಣಿಸಿಕೊಳ್ಳುತ್ತದೆ. ಈ ಎರಡಕ್ಕೂ ನಂಟಿದೆ ಎಂದು ನಮ್ಮಲ್ಲಿ ಎಷ್ಟು ಜನ ಯೋಚಿಸುತ್ತೇವೆ? ಕೇಕು ವಿಲಾಯಿತಿ ತಿಂಡಿ, ನಮ್ಮ ಒಲೆಗೆ ಒಗ್ಗದ್ದು ಎಂದು ಸುಮ್ಮನಾಗುತ್ತೇವೆ. ಅದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡೋಣ.

ಪ್ಲಮ್ ಕೇಕಿನಲ್ಲಿ ಸಾಮಾನ್ಯವಾಗಿ ಪ್ಲಮ್ ಹಣ್ಣೇ ಇರುವುದಿಲ್ಲ. ಇಂಗ್ಲಿಷರು ಹಿಂದೆ ಒಣದ್ರಾಕ್ಷಿಯನ್ನೇ ಪ್ಲಮ್ ಎನ್ನುತ್ತಿದ್ದರು. ಹೆಸರು ಹಾಗೆಯೇ ಉಳಿಯಿತು. ಇಂಗ್ಲೆಂಡಿನ ತಂಪು ಹವೆಯಲ್ಲಿ ದ್ರಾಕ್ಷಿ ಒಣಗಿಸುವುದು ಆಗದ ಮಾತು. ಅದು ಮೆಡಿಟರೇನಿಯನ್ ತೀರದಿಂದ ಹಡಗಿನಲ್ಲಿ ಬರಬೇಕಿತ್ತು. ಲವಂಗ, ಜಾಯಿಕಾಯಿ, ದಾಲ್ಚಿನ್ನಿಗಳು ಇನ್ನೂ ದೂರದಿಂದ. ಸಕ್ಕರೆಯ ಮಾತಂತೂ ಕೇಳುವುದೇ ಬೇಡ: ಕಬ್ಬಿನ ಹಾಲನ್ನು ಹರಳುಗಟ್ಟಿಸುವ ವಿದ್ಯೆ ಭಾರತದ್ದು, ಇಂಗ್ಲಿಷಿನ ‘ಶುಗರ್’, ‘ಕ್ಯಾಂಡಿ’ ಎಂಬ ಮಾತುಗಳ ಬೇರು ನಮ್ಮ ‘ಶರ್ಕರಾ’, ‘ಖಂಡ’ಗಳಲ್ಲಿದೆ. ಲೆಕ್ಕ ಹಾಕಿದರೆ ಆ ಕೇಕಿನಲ್ಲಿ ಅವರ ಮನೆಯದು ಹಿಟ್ಟು, ಬೆಣ್ಣೆ, ಮೊಟ್ಟೆ ಅಷ್ಟೆ. ಅದು ಮೊದಲು ಕ್ರಿಸ್ಮಸ್ ದಿನದ್ದೂ ಆಗಿರಲಿಲ್ಲ. ಜನವರಿ ಆರಂಭದ ಹನ್ನೆರಡನೆಯ ರಾತ್ರಿಯ ಹಬ್ಬದ ಕೇಕು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಡಿಸೆಂಬರ್ 25ಕ್ಕೆ ಸರಿಯಿತು.

ಶ್ರೀಮಂತರ ಸಕ್ಕರೆ ಸಾಮಾನ್ಯರ ಅಡಿಗೆಮನೆಗೆ ಹೇಗೆ ಬಂತು? ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕಾದ ಗುಲಾಮರು ದುಡಿದದ್ದರಿಂದ. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದುಮಾಡುವ ಕಾಯಿದೆ ತಂದಿತು. ಮರುವರ್ಷದಿಂದಲೇ ಮಾರಿಷಸ್ಸಿನ ಕಬ್ಬಿಗೆ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಸಾಗಿಸತೊಡಗಿದರು. ಇಂದಿಗೂ, ನಾವು ಕೇಕು ಕತ್ತರಿಸುವ ಹೊತ್ತಿನಲ್ಲಿ, ಕಬ್ಬು ಕಡಿಯುವ ಗ್ಯಾಂಗುಗಳು ಮಕ್ಕಳುಮರಿ ಸಹಿತ ಹೊಲದಂಚಿನ ಗುಡಿಸಲುಗಳಲ್ಲಿ ಚಳಿ ಕಾಯಿಸುತ್ತಿರುತ್ತವೆ.

ನಮ್ಮ ದೇಶದ ಮೊದಲ ಕ್ರಿಸ್ಮಸ್ ಕೇಕಿನ ಕಥೆಯನ್ನು ಕೇರಳದ ತಲಶ್ಶೇರಿಯವರು ಹೇಳುತ್ತಾರೆ. 1883ರಲ್ಲಿ ತೋಟದ ಒಡೆಯ ಬ್ರೌನ್ ಸಾಹೇಬರು ವಿಲಾಯಿತಿ ಕೇಕಿನ ತುಂಡೊಂದನ್ನು ಕೊಟ್ಟು, ಇಂಥದ್ದೇ ಮಾಡು ಎಂದಾಗ, ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಬ್ರಾಂದಿಯ ಬದಲು ಊರಿನ ಹಣ್ಣಿನಿಂದಲೇ ಇಳಿಸಿದ ಮದ್ಯ ಬಳಸಿದರಂತೆ. ಸಾಹೇಬರು ಮೆಚ್ಚಿದರಂತೆ. ಕರಾವಳಿಯಲ್ಲಿ ಹೀಗೆ ಕೇಕು ನೆಲೆಯೂರಿತು. ಬಯಲುಸೀಮೆಯಲ್ಲಿ ಏಕೆ ಊರಲಿಲ್ಲ? ರಬಕವಿ-ಬನಹಟ್ಟಿಯಂತೆಯೇ ನೇಕಾರರ ಊರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 1851ರಲ್ಲಿಯೇ ಕೇಂದ್ರ ತೆರೆದಿತ್ತು. ಆದರೆ ಆ ಮಿಷನರಿಗಳು ಬಂದದ್ದು ಸ್ವಿಟ್ಜರ್ಲೆಂಡ್, ಜರ್ಮನಿಗಳಿಂದ. ಇಂಗ್ಲಿಷರ ಕೇಕು ಅವರ ಹಬ್ಬದ ತಿಂಡಿಯಲ್ಲ. ಉತ್ತರ ಕರ್ನಾಟಕದ ಕ್ರೈಸ್ತ ಮನೆಗಳ ಹಬ್ಬ ಕರ್ಚಿಕಾಯಿ, ಶಂಕರಪೋಳಿ, ಚಕ್ಕುಲಿಗಳಲ್ಲೇ ನಡೆಯಿತು. ಇನ್ನೂ ದೊಡ್ಡ ಕಾರಣ ನಮ್ಮ ಒಲೆ. ಅದು ಕೆಳಗಿನಿಂದ ಮಾತ್ರ ಶಾಖ ಕೊಡುತ್ತದೆ. ರೊಟ್ಟಿ ಬಡಿಯಲು, ಎಣ್ಣೆಯಲ್ಲಿ ಕರಿಯಲು ಅದು ಸಾಕು. ಕೇಕಿಗೆ ಸುತ್ತಲಿಂದಲೂ ಸಮನಾದ ಶಾಖ ಬೇಕು.

ಭಟ್ಟಿ ನಮ್ಮ ಊರುಗಳಿಗೆ ಬೇಕರಿಗಳ ಮೂಲಕ ತಡವಾಗಿ ಬಂತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಅಯ್ಯಂಗಾರರ ಬೇಕರಿ ಶುರುವಾದದ್ದು 1898ರಲ್ಲಿ. ಆ ಪರಂಪರೆಯ ಬೋರ್ಡುಗಳು ಉತ್ತರದ ತಾಲ್ಲೂಕು ಊರುಗಳಲ್ಲಿ ಕಾಣಿಸಿಕೊಂಡದ್ದು ಬಹಳ ಆಮೇಲೆ. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು: ಮನೆಯಿಂದ ಹಿಟ್ಟು, ಸಕ್ಕರೆ, ತುಪ್ಪ ಒಯ್ದು, ಬೇಕರಿಯ ಭಟ್ಟಿಯಲ್ಲಿ ಬಿಸ್ಕತ್ತು ಮಾಡಿಸಿ ಡಬ್ಬಿ ತುಂಬಿಕೊಂಡು ಬರುತ್ತಿದ್ದ ದಿನಗಳು.

ಭಟ್ಟಿ ಬರುವ ಹೊತ್ತಿಗೆ ಇನ್ನೊಂದು ಬದಲಾವಣೆಯಾಗಿತ್ತು. ವಿಜಯಪುರ ಜಿಲ್ಲೆಯಲ್ಲೂ ಜಮಖಂಡಿ ಭಾಗದಲ್ಲೂ ದ್ರಾಕ್ಷಿ ಬೇರೂರಿತು. ಇಂಗ್ಲೆಂಡಿಗೆ ಇಲ್ಲದ ಒಣ ಹವೆ ಇಲ್ಲಿ ಧಾರಾಳ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪದರವಿರುತ್ತದೆ. ಒಳಗಿನ ನೀರನ್ನು ಅದು ಸುಲಭವಾಗಿ ಬಿಡುವುದಿಲ್ಲ. ಅದಕ್ಕೇ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯಂಥ ದ್ರವ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಜಾಲರಿಯ ಅಂತಸ್ತುಗಳ ಮೇಲೆ ಹರವುತ್ತಾರೆ. ಎರಡು ವಾರದಲ್ಲಿ ಸುಮಾರು 4 ಕಿಲೋ ಹಣ್ಣು 1 ಕಿಲೋ ಒಣದ್ರಾಕ್ಷಿಯಾಗುತ್ತದೆ. ಆ ಎರಡು ವಾರದಲ್ಲಿ ಅಕಾಲ ಮಳೆ ಬಿದ್ದರೆ ರೈತನ ವರ್ಷದ ದುಡಿಮೆ ಮಣ್ಣುಪಾಲು.

ಕೇಕು ತಿಂಗಳುಗಟ್ಟಲೆ ಕೆಡದಿರುವುದಕ್ಕೂ ಇದೇ ವಿಜ್ಞಾನ. ದಟ್ಟವಾದ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿನ ಬೆಳವಣಿಗೆಗೆ ನೀರು ದಕ್ಕುವುದಿಲ್ಲ. ನಮ್ಮ ಅಮೀನಗಡದ, ಗೋಕಾಕದ ಕರದಂಟು ಬಹಳ ದಿನ ಬಾಳುವುದೂ ಹೀಗೆಯೇ. ಒಣಹಣ್ಣು, ಬೆಲ್ಲ, ತುಪ್ಪ, ಕರಿದ ಅಂಟು: ಭಟ್ಟಿಯಿಲ್ಲದ ನಾಡು ಕಂಡುಕೊಂಡ ಫ್ರೂಟ್ ಕೇಕು ಎಂದೇ ನಾನು ಅದನ್ನು ಕರೆಯುತ್ತೇನೆ.

ಹಾಗಾದರೆ ಮನೆಯಲ್ಲಿ ಮಾಡಬಹುದೇ? ಖಂಡಿತ. ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಮರಳು ಹರವಿ, ಮುಚ್ಚಳ ಹಾಕಿ ಮೊದಲೇ ಕಾಯಿಸಿದರೆ ಅದೇ ನಿಮ್ಮ ಭಟ್ಟಿ. ಮೈದಾ, ಬೆಣ್ಣೆ, ಬೆಲ್ಲದ ಪುಡಿ ತಲಾ 250 ಗ್ರಾಂ, ಮೊಟ್ಟೆ 4, ಒಂದು ವಾರ ಕಿತ್ತಳೆ ರಸದಲ್ಲಿ ನೆನೆದು ಫ್ರಿಜ್ಜಿನಲ್ಲಿದ್ದ ಒಣಹಣ್ಣು 500 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಮಚ, ಮಸಾಲೆ ಚಿಟಿಕೆ. ಮೊಟ್ಟೆ ತಿನ್ನದ ಮನೆಗಳವರು ಮಂದಗೊಳಿಸಿದ ಹಾಲು ಬಳಸಿ, ಬೆಲ್ಲವನ್ನು ಅಷ್ಟು ಕಡಿಮೆ ಮಾಡಬೇಕು. ಹಿಟ್ಟು ಗಟ್ಟಿಯಿರಲಿ, ತೆಳುವಾದರೆ ಹಣ್ಣೆಲ್ಲ ತಳ ಸೇರುತ್ತದೆ. ಉರಿ ಸಣ್ಣಗಿರಬೇಕು, ಏಕೆಂದರೆ ಹಣ್ಣು ತುಂಬಿದ ಹಿಟ್ಟಿನ ನಡುಭಾಗಕ್ಕೆ ಶಾಖ ಬಹಳ ನಿಧಾನವಾಗಿ ತಲುಪುತ್ತದೆ. ಟಿ.ವಿ.ಯಲ್ಲಿ ಐದು ನಿಮಿಷಕ್ಕೆ ಸಿದ್ಧವಾಗುವ ಕೇಕು ಮೊದಲೇ ಬೇಯಿಸಿ ಮೇಜಿನ ಕೆಳಗಿಟ್ಟದ್ದು. ನಿಮಗೆ ಒಂದೂವರೆಯಿಂದ ಎರಡು ತಾಸು ಹಿಡಿಯುತ್ತದೆ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ.

ಬೇಕರಿಯವರು ಕಪ್ಪು ಬಣ್ಣಕ್ಕಾಗಿ ಸಕ್ಕರೆಯನ್ನು ಕರಕಲು ಮಾಡಿ ಬೆರೆಸುತ್ತಾರೆ. ಮಹಾಲಿಂಗಪುರದ ಕಡುಬಣ್ಣದ ಬೆಲ್ಲ ಸಿಕ್ಕರೆ ನಿಮಗೆ ಆ ಕೆಲಸ ಉಳಿಯುತ್ತದೆ.