ಒಂದು ಪೌಂಡಿನ ಪಡಿ: ಧಾತು-ಈಶ್ವರ ಕ್ಷಾಮದಲ್ಲಿ ಪರಿಹಾರ ನೀತಿ ಮತ್ತು ದೇಹಾರೋಗ್ಯದ ಅಳತೆ

ಬಡವರ ರಕ್ಷಣೆಗೆಂದು ಪ್ರಭುತ್ವವು ಕೈಗೊಳ್ಳುವ ಕ್ರಮಗಳು ಜನರ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ಅಳೆಯುವ ಪ್ರಯತ್ನ ಇತ್ತೀಚಿನದೆಂದು ಭಾವಿಸುವುದುಂಟು. ಆದರೆ 1876-78ರ ಮಹಾಕ್ಷಾಮದ ಸಂದರ್ಭದಲ್ಲಿಯೇ ದಕ್ಷಿಣ ಭಾರತದಲ್ಲಿ ಈ ಪ್ರಶ್ನೆ ತೀವ್ರ ವಾಗ್ವಾದಕ್ಕೆ ಎಡೆಮಾಡಿತ್ತು. ಮೈಸೂರು ಸೀಮೆಯಲ್ಲಿ ಈ ಬರವು ತಾನು ಬಂದೆರಗಿದ ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಕ್ಷಾಮವೆನಿಸಿತು. ದೇಹವನ್ನು ಧರಿಸುವ ರಸರಕ್ತಾದಿಗಳಿಗೂ ಆಯುರ್ವೇದದಲ್ಲಿ ಧಾತುಗಳೆಂದೇ ಹೆಸರು; ಕಾಕತಾಳೀಯವಾದರೂ ಮರೆಯಲಾಗದ ಸಾಮ್ಯವಿದು.

1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಪರಿಹಾರಕಾರ್ಯದ ವೆಚ್ಚವನ್ನು ಹಿಡಿತಕ್ಕೆ ತರಲು ರಿಚರ್ಡ್ ಟೆಂಪಲ್‌ನನ್ನು ಮದರಾಸು ಪ್ರಾಂತ್ಯಕ್ಕೆ ಕಳುಹಿಸಿದನು. ಬಳ್ಳಾರಿ ಸೀಮೆ ಆಗ ಆ ಪ್ರಾಂತ್ಯಕ್ಕೆ ಸೇರಿತ್ತು. 1874ರ ಬಿಹಾರದ ಬರದಲ್ಲಿ ಬರ್ಮಾದ ಅಕ್ಕಿಯನ್ನು ತರಿಸಿ ಜನರನ್ನು ಉಳಿಸಿದವನೂ ಇದೇ ಟೆಂಪಲ್. ಅಂದು ದುಂದುವೆಚ್ಚದ ಆರೋಪ ಹೊತ್ತವನು ಈ ಬಾರಿ ಮಿತವ್ಯಯದ ಮೂರ್ತಿಯಾಗಿ ಬಂದನು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಪುಡಿಗಾಸು ಸಾಕೆಂದು ಗೊತ್ತುಪಡಿಸಿದನು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ.

ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ಬರಿಯ ಧಾನ್ಯದಿಂದ ದುಡಿಯುವ ದೇಹ ನಿಲ್ಲದು, ಒಂದೂವರೆ ಪೌಂಡ್ ಧಾನ್ಯದ ಜೊತೆಗೆ ಬೇಳೆ, ತರಕಾರಿಗಳೂ ಬೇಕು ಎಂಬುದು ಅವನ ವಾದ. ಇಲ್ಲಿ ಗಮನಿಸಬೇಕಾದುದು ಇಬ್ಬರ ಅಳತೆಗೋಲುಗಳ ಅಂತರ. ಟೆಂಪಲ್‌ಗೆ ಪರಿಹಾರ ಪಡೆಯುವವರ ಸಂಖ್ಯೆ ಇಳಿದರೆ ಅದು ನೀತಿಯ ಯಶಸ್ಸು. ಕಾರ್ನಿಷ್ ನೋಡಿದ್ದು ಆಹಾರದ ಸತ್ವವನ್ನು ಮತ್ತು ಮರಣದ ಲೆಕ್ಕವನ್ನು. ಶಿಬಿರದ ಹಾಜರಿ ಇಳಿಯುವುದಕ್ಕೆ ಬಿದ್ದ ಮಳೆಯೂ ಕಾರಣವಾಗಬಹುದು, ಸಾವೂ ಕಾರಣವಾಗಬಹುದು. ಹಾಜರಿ ಪುಸ್ತಕ ಈ ಎರಡನ್ನೂ ಬೇರೆ ಮಾಡಿ ಹೇಳುವುದಿಲ್ಲ. ಅದೇ ವರ್ಷ ಮದರಾಸು ಸರ್ಕಾರವು ಪಡಿಯನ್ನು ಒಂದೂಕಾಲು ಪೌಂಡಿಗೆ ಏರಿಸಿ ಬೇಳೆಯನ್ನೂ ಸೇರಿಸಿದುದು ಕಾರ್ನಿಷ್‌ಗೆ ದೊರೆತ ಅರ್ಧ ಗೆಲುವು.

ಮರಣದ ಲೆಕ್ಕವೂ ನಿರಪಾಯವಾದುದಲ್ಲ. ಹಸಿವಿನಿಂದ ಕುಗ್ಗಿದವನು ಕಾಲರಾದಿಂದಲೋ ಆಮಶಂಕೆಯಿಂದಲೋ ಸತ್ತರೆ ದಾಖಲೆಯಲ್ಲಿ ರೋಗದ ಹೆಸರು ಬರುತ್ತದೆ, ಹಸಿವು ಮರೆಯಾಗುತ್ತದೆ. ಊರು ಬಿಟ್ಟು ದಾರಿಯಲ್ಲಿ ಸತ್ತವರು ಊರಿನ ದಾಖಲೆಗೂ ಸಿಕ್ಕುವುದಿಲ್ಲ. ಈ ದೃಷ್ಟಿಯಿಂದ ಸರ್ಜನ್ ಅಲೆಕ್ಸಾಂಡರ್ ಪೋರ್ಟರ್ ಮದರಾಸಿನ ಪರಿಹಾರ ಶಿಬಿರದ ಆಸ್ಪತ್ರೆಯಲ್ಲಿ ನೂರಾರು ಶವಗಳನ್ನು ಪರೀಕ್ಷಿಸಿ 1889ರಲ್ಲಿ ಪ್ರಕಟಿಸಿದ ಗ್ರಂಥ ಅಮೂಲ್ಯವಾದುದು. ಕಾಗದದ ಮೇಲೆ ಕಾಣದ ಹಸಿವು ಅಲ್ಲಿ ಸವೆದ ಅಂಗಾಂಗಗಳಲ್ಲಿ ಕಾಣಸಿಗುತ್ತದೆ.

ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ 50,55,412 ಜನರನ್ನು ಎಣಿಸಿದರೆ 1881ರ ಗಣತಿ ಎಣಿಸಿದ್ದು 41,86,188 ಜನರನ್ನು. ಈ ಎಂಟೂಮುಕ್ಕಾಲು ಲಕ್ಷಕ್ಕೆ ಸಮೀಪದ ಇಳಿಕೆಯಲ್ಲಿ ಸತ್ತವರು, ವಲಸೆ ಹೋದವರು, ಹುಟ್ಟದೇ ಹೋದವರು ಎಲ್ಲರೂ ಬೆರೆತಿದ್ದಾರೆ. ಸಂಸ್ಥಾನದ ಕ್ಷಾಮ ಪರಿಹಾರದ ಹೊಣೆ ಹೊತ್ತಿದ್ದ ಚಾರ್ಲ್ಸ್ ಎಲಿಯಟ್ ಮುಂದೆ 1880ರಲ್ಲಿ ವರದಿ ನೀಡಿದ ಕ್ಷಾಮ ಆಯೋಗದ ಕಾರ್ಯದರ್ಶಿಯಾದನು. ಕ್ಷಾಮ ಸಂಹಿತೆಗಳು ರೂಪುಗೊಂಡುದು ಆ ವರದಿಯ ಆಧಾರದ ಮೇಲೆ. ಮೈಸೂರಿನ ಅನುಭವ ಹೀಗೆ ಇಡೀ ದೇಶದ ನೀತಿಯೊಳಕ್ಕೆ ಹರಿದಿದೆ.

ಜನಪದರ ಅಳತೆಯ ರೀತಿ ಬೇರೆ. 1791-92ರ ಬರವನ್ನು ಅವರು ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಗುರುತಿಸಿ ಡೋಗಿ ಬರವೆಂದರು. ಬರದ ನೆನಪಿನ ಕಥನಗಳಲ್ಲಿ ಕೂಲಿಯ ದರಕ್ಕಿಂತ ತಿಂದ ಸೊಪ್ಪು, ಅಗೆದ ಗೆಡ್ಡೆ, ಪಾಪಾಸುಕಳ್ಳಿಯ ಹಣ್ಣು, ತೊರೆದ ಊರು ಇವುಗಳಿಗೇ ಪ್ರಾಶಸ್ತ್ಯ. ಇವನ್ನು ಅಂಕಿಅಂಶಗಳಿಗೆ ಬದಲಿಯಾಗಿ ಬಳಸುವುದು ತರವಲ್ಲ. ಆದರೆ ಪಡಿ ಸಾಲದೆ ಜನ ಏನನ್ನು ತಿಂದರು, ಕಾಮಗಾರಿಗೆ ಯಾರು ಹೋಗಲಾರದಾದರು ಎಂಬ ಪ್ರಶ್ನೆಗಳಿಗೆ ಸರ್ಕಾರಿ ಕಡತಗಳು ಕೊಡುವ ಉತ್ತರ ಅತ್ಯಲ್ಪ. ಶಾನುಭೋಗರ ಕಡತಗಳನ್ನೂ ಮನೆತನದ ಕಥನಗಳನ್ನೂ ಊರೂರಿನ ಮಟ್ಟದಲ್ಲಿ ಎದುರುಬದುರಾಗಿ ಇಟ್ಟು ನೋಡುವ ಕೆಲಸ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಂದ ಆರಂಭವಾಗಬಹುದು.